ಸಂಕ್ರಾಂತಿಗೆ ತಂದ ಎಳ್ಳು ಮಿಕ್ಕಿತ್ತು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು. ಅವರ ಬಸಳೆ ಬಳ್ಳಿ ಅದನ್ನು ಹತ್ತಿ ಈಚೆಗೆ ಇಳಿದಿದೆ, ನಮ್ಮ ದಾಸವಾಳದ ಕೊಂಬೆ ಆಚೆಗೆ ಬಾಗಿದೆ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅವರು ಬಟ್ಟೆ ಒಣಹಾಕಿ ಮುಗಿಸಿರುತ್ತಾರೆ, ನನ್ನ ಒಲೆಯೂ ಆರಿರುತ್ತದೆ. ಆಗ ಇಬ್ಬರೂ ಗೋಡೆಗೆ ಮೊಣಕೈ ಊರಿ ನಿಂತೆವೆಂದರೆ ಹಾಲಿನವನ ಲೆಕ್ಕದಿಂದ ಹಿಡಿದು ಮೊಮ್ಮಕ್ಕಳ ಪರೀಕ್ಷೆಯವರೆಗೆ ಎಲ್ಲವೂ ಬಂದುಹೋಗುತ್ತದೆ. ಅಕ್ಕ ಅಣ್ಣಿಗೇರಿ ಕಡೆಯವರು. ಯಜಮಾನರ ಕೆಲಸದ ದೆಸೆಯಿಂದ ಮೈಸೂರಿಗೆ ಬಂದು ಮೂವತ್ತು ವರ್ಷ ದಾಟಿದೆ, ಮಾತು ಮಾತ್ರ ಇನ್ನೂ ಆ ಕರಿಮಣ್ಣಿನದೇ.

ಮೊನ್ನೆ ನಾನು ಕೈಯಲ್ಲಿ ಬಟ್ಟಲು ಹಿಡಿದೇ ಹೋದೆ.

"ಏನ್ ತಂಗಿ, ಕುಂಕುಮ ಕಲಸೀಯೇನ್ ಬಟ್ಟಲದಾಗ?"

"ಇಲ್ಲ ಅಕ್ಕ, ತಿನ್ನೋದು. ಬೀಟ್‌ರೂಟ್ ಹಮ್ಮಸ್. ಚಪಾತಿ ಜೊತೆ ತಿಂದು ನೋಡಿ, ಹೇಗಿದೆ ಹೇಳಿ."

ಈ ಬಟ್ಟಲಿನ ಹಿಂದೆ ಮೂರು ವಾರದ ಕಥೆ ಇದೆ. ಮಗಳು ಬೆಂಗಳೂರಿನಿಂದ ಬಂದಾಗ ದೊಡ್ಡ ಅಂಗಡಿಯೊಂದರಿಂದ ಒಂದು ಪುಟ್ಟ ಡಬ್ಬಿ ತಂದಿದ್ದಳು. 200 ಗ್ರಾಂ, 220 ರೂಪಾಯಿ. ಮನೆಯ ನಾಲ್ಕು ಜನ ಎರಡೆರಡು ಚಪಾತಿಗೆ ಹಚ್ಚಿಕೊಳ್ಳುವಷ್ಟರಲ್ಲಿ ತಳ ಕಂಡಿತು. ಎಲ್ಲರಿಗೂ ಹಿಡಿಸಿತು, ನನಗೂ ಹಿಡಿಸಿತು. ಡಬ್ಬಿಯ ಹಿಂದೆ ಬರೆದಿದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ: ಕಾಬೂಲಿ ಕಡಲೆ, ಬೀಟ್‌ರೂಟ್, ಎಳ್ಳಿನ ಪೇಸ್ಟು, ನಿಂಬೆರಸ, ಬೆಳ್ಳುಳ್ಳಿ, ಎಣ್ಣೆ, ಉಪ್ಪು, ಜೀರಿಗೆ. ಇದರಲ್ಲಿ ನನ್ನ ಅಡುಗೆಮನೆಯಲ್ಲಿ ಇಲ್ಲದ್ದು ಯಾವುದು? ಮನೆಮಂದಿಗೆಲ್ಲ ಇಷ್ಟವಾದ ಒಂದು ತಿಂಡಿ, ಅದೂ ಇಷ್ಟು ಬೇಳೆಕಾಳು ತರಕಾರಿ ಇರುವಂಥದ್ದು, ತಿಂಗಳ ಲೆಕ್ಕ ಬರೆದು ಸಂಸಾರ ಮಾಡುವವರಿಗೆ ಕೈಗೆಟುಕದ ಹಾಗೆ ಕೂತಿದೆಯಲ್ಲ ಅಂತ ಸಂಕಟವಾಯಿತು.

ಮೈದುನನಿಗೆ ಫೋನ್ ಮಾಡಿದೆ. ಅವನು ಕುವೈತಿನಲ್ಲಿ ಹನ್ನೆರಡು ವರ್ಷ ದುಡಿದು ಬಂದವನು. "ಅತ್ತಿಗೆ, ಅದನ್ಯಾಕೆ ದೊಡ್ಡ ಜನರ ತಿಂಡಿ ಅಂದುಕೊಂಡಿರಿ? ನಾವು ರೂಮಿನಲ್ಲಿ ಐದು ಜನ ಇದ್ವಿ. ತಿಂಗಳ ಕೊನೇಲಿ ಖುಬೂಸ್ ರೊಟ್ಟಿ ತಗೊಂಡು, ಒಂದು ತಟ್ಟೆ ಹಮ್ಮಸ್ ಮಧ್ಯೆ ಇಟ್ಟುಕೊಂಡರೆ ಅದೇ ರಾತ್ರಿ ಊಟ" ಅಂದ. ಮಂಗಳೂರು, ಭಟ್ಕಳ, ಉಡುಪಿ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರಿಗೆ ಇದು ಬಹಳ ಹಿಂದಿನಿಂದ ಗೊತ್ತು. ನಮಗೆ ಮಾತ್ರ ಕೆಫೆಯ ಗಾಜಿನ ಬಟ್ಟಲಲ್ಲಿ ಈಚೆಗೆ ಕಾಣಿಸಿಕೊಂಡಿದೆ.

ಹಮ್ಮಸ್ ಅಂದರೆ ಅರಬ್ಬಿಯಲ್ಲಿ ಕಡಲೆ ಅಂತಲೇ ಅರ್ಥ. ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್, ಜೋರ್ಡಾನ್‌ಗಳಲ್ಲಿ ಇದು ಬೆಳಗಿನ ಉಪಾಹಾರ. ನಮ್ಮಲ್ಲಿ ಇಡ್ಲಿ ಹೋಟೆಲು ಇದ್ದ ಹಾಗೆ ಅಲ್ಲಿ ಹಮ್ಮಸ್ ಅಂಗಡಿ, ನಸುಕಿಗೇ ತೆರೆದು ಹಂಡೆ ಖಾಲಿಯಾದರೆ ಮಧ್ಯಾಹ್ನಕ್ಕೇ ಬಾಗಿಲು ಹಾಕುವಂಥದ್ದು. 13ನೇ ಶತಮಾನದ ಕೈರೋದ ಅಡುಗೆ ಪುಸ್ತಕಗಳಲ್ಲೇ ಕಡಲೆ ಬೇಯಿಸಿ ಅರೆದು ಹುಳಿ ಬೆರೆಸುವ ಪಾಕಗಳಿವೆ. ಲೆಬನಾನಿನವರಿಗೆ ಇದರ ಮೇಲೆ ಎಷ್ಟು ಅಭಿಮಾನ ಅಂದರೆ 2010ರಲ್ಲಿ ಒಂದೇ ತಟ್ಟೆಯಲ್ಲಿ 10,452 ಕಿಲೋ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆಸಿದರು. ಅವರ ದೇಶದ ವಿಸ್ತೀರ್ಣ ಅಷ್ಟೇ ಚದರ ಕಿಲೋಮೀಟರ್, ಅದಕ್ಕೇ ಆ ಲೆಕ್ಕ. ಬೀಟ್‌ರೂಟೂ ಅವರಿಗೆ ಹೊಸದೇನಲ್ಲ. ಕಡಲೆಯಿಲ್ಲದೆ ಬರೀ ಬೀಟ್‌ರೂಟನ್ನು ಎಳ್ಳಿನ ಪೇಸ್ಟಿನಲ್ಲಿ ಕಲಸುವ ಶಮಂದರ್ ಮುತಬ್ಬಲ್ ಅವರ ಊಟದಲ್ಲಿದೆ. ಅದನ್ನೂ ಇದನ್ನೂ ಸೇರಿಸಿ ಕೆಂಪು ಹಮ್ಮಸ್ ಮಾಡಿದ್ದು ಈಚಿನವರು.

ಇನ್ನು ಖರ್ಚಿನ ಮಾತು. ಇದರಲ್ಲಿ ಜೇಬು ಸುಡುವ ಸಾಮಾನು ಎರಡೇ: ತಹಿನಿ ಮತ್ತು ಆಲಿವ್ ಎಣ್ಣೆ. ತಹಿನಿ ಅಂದರೆ ಹುರಿದು ಅರೆದ ಎಳ್ಳು, ಬೇರೇನೂ ಅಲ್ಲ. ಸಣ್ಣ ಬಾಟಲಿಗೆ ಮುನ್ನೂರರ ಮೇಲೆ ಬೆಲೆ ನೋಡಿ ನಾನು ಅಂಗಡಿಯಲ್ಲೇ ವಾಪಸ್ ಇಟ್ಟೆ. ಮನೆಗೆ ಬಂದು ಡಬ್ಬ ತೆರೆದರೆ ಎಳ್ಳು-ಬೆಲ್ಲಕ್ಕೆ ಅಂತ ದೇವರಾಜ ಮಾರುಕಟ್ಟೆಯಿಂದ ತಂದ ಬಿಳಿ ಎಳ್ಳು ಇನ್ನೂ ಕಾಲು ಕಿಲೋದಷ್ಟು ಮಿಕ್ಕಿತ್ತು. ಪ್ರತಿ ವರ್ಷವೂ ಹೀಗೇ. ಎಳ್ಳು ಬೀರುವುದು ಮುಗಿದ ಮೇಲೆ ಆ ಪೊಟ್ಟಣ ಶಿವರಾತ್ರಿವರೆಗೆ ಮೂಲೆಯಲ್ಲಿ ಕೂತು ಕೊನೆಗೆ ಕಮಟು ವಾಸನೆ ಹಿಡಿಯುತ್ತದೆ. ಎಳ್ಳಿನಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಎಣ್ಣೆಯೇ, ಬಹಳ ದಿನ ಇಟ್ಟರೆ ಕೆಡದೆ ಇನ್ನೇನು.

ಒಂದು ಲೋಟ ಎಳ್ಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿಯಬೇಕು. ಚಿಗಳಿ ಉಂಡೆಗೆ ಹುರಿದ ಹಾಗೆ ಚಟಪಟ ಸಿಡಿಸಿ ಕೆಂಪಗೆ ಮಾಡಿದರೆ ಕಹಿ. ಬಿಸಿಯಾಗಿ ಘಮ್ ಅಂದ ಕೂಡಲೇ ತಟ್ಟೆಗೆ ಸುರಿಯಿರಿ. ಆರಿದ ಮೇಲೆ ಮಿಕ್ಸಿಯ ಚಟ್ನಿ ಜಾರಿಗೆ. ಮೊದಲು ಪುಡಿಯಾಗುತ್ತದೆ, ಆಮೇಲೆ ಅಂಟಂಟಾಗಿ ಗೋಡೆ ಹಿಡಿಯುತ್ತದೆ. ಆಗ ಕೆರೆದು ಕೆಳಗೆ ತಳ್ಳಿ, ಮಿಕ್ಸಿಗೆ ಎರಡು ನಿಮಿಷ ಬಿಡುವು ಕೊಟ್ಟು, ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿ. ಮೂರ್ನಾಲ್ಕು ಸಲ ಹೀಗೆ ಮಾಡುವಷ್ಟರಲ್ಲಿ ಎಳ್ಳು ತನ್ನ ಎಣ್ಣೆ ತಾನೇ ಬಿಟ್ಟುಕೊಂಡು ದೋಸೆಹಿಟ್ಟಿನ ಹಾಗೆ ಸುರಿಯುವಂತಾಗುತ್ತದೆ. ಇದೇ ತಹಿನಿ. ಸಿಪ್ಪೆ ತೆಗೆದ ಎಳ್ಳಾದರೆ ಇನ್ನೂ ಬೆಳ್ಳಗೆ, ಮೆದು. ಸಿಪ್ಪೆ ಇದ್ದರೆ ಚೂರು ಒಗರು ಬರುತ್ತದೆ, ನಿಂಬೆರಸದಲ್ಲಿ ಅದು ಅಡಗುತ್ತದೆ. ಎಳ್ಳೂ ದುಬಾರಿ ಅನ್ನಿಸಿದರೆ ಹುರಿದ ಕಡಲೆಕಾಯಿ ಬೀಜ ಹಾಕಿಯೂ ಮಾಡಬಹುದು. ರುಚಿ ಬೇರೆ ದಾರಿ ಹಿಡಿಯುತ್ತದೆ, ಆದರೆ ಚೆನ್ನಾಗಿರುತ್ತದೆ.

ಆಲಿವ್ ಎಣ್ಣೆಯ ಬದಲು ಗಾಣದ ಎಳ್ಳೆಣ್ಣೆ ಹಾಕಿದೆ. ಒಳಗೂ ಎಳ್ಳೇ ಇರುವುದರಿಂದ ಹೊಂದಿಕೊಂಡಿತು. ಲೆಬನಾನಿನ ಅಜ್ಜಿಯೊಬ್ಬರು ಬಂದು ತಿಂದರೆ ಇದು ನಮ್ಮೂರಿನದಲ್ಲ ಅಂತ ಮೊದಲ ತುತ್ತಿಗೇ ಹೇಳುತ್ತಾರೆ, ಅದು ನಿಜ. ಆಲಿವ್ ಅವರ ಹಿತ್ತಲಿನ ಮರ, ಎಳ್ಳು ನಮ್ಮ ಹೊಲದ್ದು.

ಮೊದಲ ಸಲ ಮಾಡಿದಾಗ ಕೆಟ್ಟಿತು. ಯಾಕೆ ಕೆಟ್ಟಿತು ಅನ್ನುವುದನ್ನು ಹೇಳಲೇಬೇಕು, ಯಾಕೆಂದರೆ ಗ್ಯಾಸ್ ಉಳಿಸಬೇಕು ಅನ್ನುವ ಎಲ್ಲರೂ ಮಾಡುವ ತಪ್ಪೇ ಅದು. ಕಡಲೆ ಬೇಗ ಬೇಯಲಿ ಅಂತ ಕುಕ್ಕರಿನ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಅದರಲ್ಲೇ ಬೀಟ್‌ರೂಟ್ ಹೋಳುಗಳನ್ನೂ ಸೇರಿಸಿ ಮುಚ್ಚಿದೆ. ತೆರೆದು ನೋಡಿದರೆ ಕೆಂಪು ಹೋಗಿ ತುಕ್ಕಿನ ಬಣ್ಣ. ಅರೆದ ಮೇಲೆ ಯಾರಿಗೂ ಬಾಯಿಗಿಡುವ ಮನಸ್ಸಾಗಲಿಲ್ಲ. ಬೀಟ್‌ರೂಟಿನ ಬಣ್ಣಕ್ಕೆ ಬೆಟಾನಿನ್ ಅಂತ ಹೆಸರು. ಅದು ನೀರಿನಲ್ಲಿ ಕರಗುವ ಬಣ್ಣ. ಹುಳಿ ಕಂಡರೆ ಹೊಳೆಯುತ್ತದೆ, ಸೋಡಾದಂಥ ಕ್ಷಾರ ತಾಕಿದರೆ ಕಂದು ಹಳದಿಗೆ ತಿರುಗುತ್ತದೆ, ಬಹಳ ಹೊತ್ತು ಕುದಿಸಿದರೂ ಮಾಸುತ್ತದೆ. ಕಡಲೆಗೆ ಸೋಡಾ ಬೇಕು, ಬೀಟ್‌ರೂಟಿಗೆ ಸೋಡಾ ಆಗದು. ಇಬ್ಬರನ್ನೂ ಒಂದೇ ನೀರಿಗೆ ಇಳಿಸಬಾರದು.

ಈಗ ಹೀಗೆ ಮಾಡುತ್ತೇನೆ. 200 ಗ್ರಾಂ ಕಾಬೂಲಿ ಕಡಲೆಯನ್ನು ಹಿಂದಿನ ರಾತ್ರಿಯೇ ಕಾಲು ಚಮಚ ಸೋಡಾ ಹಾಕಿದ ನೀರಿನಲ್ಲಿ ನೆನೆಹಾಕುವುದು. ಬೆಳಿಗ್ಗೆ ಆ ನೀರು ಚೆಲ್ಲಿ, ಎರಡು ಮೂರು ಸಲ ಚೆನ್ನಾಗಿ ತೊಳೆದು, ಹೊಸ ನೀರಿನಲ್ಲಿ ಬೇಯಿಸುವುದು. ಸೋಡಾದ ಕೆಲಸ ರಾತ್ರಿಯೇ ಮುಗಿದಿರುತ್ತದೆ, ಕಾಳಿನ ಗೋಡೆ ಸಡಿಲವಾಗಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಇದನ್ನು ಬಿಡಲೇಬಾರದು. ಆ ನೀರಿನ ಸುಣ್ಣದಂಶ ಕಡಲೆಯನ್ನು ಬಿಗಿಹಿಡಿಯುತ್ತದೆ, ಹತ್ತು ಕೂಗು ಕೂಗಿಸಿದರೂ ನಡುವೆ ಕಲ್ಲಿನಂತೆ ಉಳಿಯುತ್ತದೆ. ಕಡಲೆ ಹಳೆಯದಾದರೂ ಅಷ್ಟೇ, ಆದ್ದರಿಂದ ವ್ಯಾಪಾರ ಜೋರಾಗಿರುವ ಅಂಗಡಿಯಿಂದಲೇ ತನ್ನಿ.

ಬೀಟ್‌ರೂಟ್ ಅದೇ ಕುಕ್ಕರಿನಲ್ಲೇ, ಆದರೆ ಮೇಲಿನ ಡಬ್ಬಿಯಲ್ಲಿ, ಬೇರೆ ನೀರಿನಲ್ಲಿ. ಸಿಪ್ಪೆ ಸಮೇತ ಇಡೀ ಗೆಡ್ಡೆ. ಸೊಪ್ಪು ಕತ್ತರಿಸುವಾಗ ತುದಿಯಲ್ಲಿ ಒಂದು ಅಂಗುಲ ದಂಟು ಬಿಡಬೇಕು, ಕೆಳಗಿನ ಬಾಲವನ್ನೂ ಮುಟ್ಟಬಾರದು. ಗಾಯವಾಗದ ಗೆಡ್ಡೆ ಬಣ್ಣ ಸೋರಿಸುವುದಿಲ್ಲ. ಬೆಂದ ಮೇಲೆ ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ಒಂದೇ ಉರಿಯಲ್ಲಿ ಎರಡೂ ಬೆಂದಂತಾಯಿತು. 200 ಗ್ರಾಂ ಕಡಲೆಗೆ 150 ಗ್ರಾಮಿನ ಒಂದೇ ಒಂದು ಗೆಡ್ಡೆ ಸಾಕು. ಬಣ್ಣದ ಆಸೆಗೆ ಎರಡು ದೊಡ್ಡದು ಹಾಕಿದರೆ ಸಿಹಿ ಮೇಲಾಗಿ ಹಲ್ವದ ರುಚಿ ಬರುತ್ತದೆ, ನೀರೂ ಬಿಟ್ಟುಕೊಳ್ಳುತ್ತದೆ.

ಮಗನಿಗೆ ಬೀಟ್‌ರೂಟಿನ ಮಣ್ಣು ವಾಸನೆ ಆಗುವುದಿಲ್ಲ. ಪಲ್ಯ ಮಾಡಿದ ದಿನ ತಟ್ಟೆಯ ಅಂಚಿಗೆ ತಳ್ಳುತ್ತಾನೆ. ಆ ವಾಸನೆ ಜಿಯೋಸ್ಮಿನ್ ಅನ್ನುವ ವಸ್ತುವಿನದು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಕಂಪಿನಲ್ಲಿ ಇರುವುದೂ ಅದೇ. ನಿಂಬೆಯ ಹುಳಿ ತಾಕಿದರೆ ಅದರ ಜೋರು ಇಳಿಯುತ್ತದೆ. ಹಮ್ಮಸ್ಸಿಗೆ ಎರಡು ನಿಂಬೆಹಣ್ಣಿನ ರಸ ಬೀಳುವುದರಿಂದ ಅವನು ಎರಡನೇ ಸಲ ಕೇಳಿ ಹಾಕಿಸಿಕೊಂಡ. ತರಕಾರಿ ಮುಟ್ಟದ ಮಕ್ಕಳಿರುವ ಮನೆಗೆ ಇಷ್ಟೇ ಸಾಕಲ್ಲವೇ?

ಅರೆಯುವುದಕ್ಕೆ ಒಂದು ಕ್ರಮ ಇದೆ. ಎರಡು ಎಸಳು ಬೆಳ್ಳುಳ್ಳಿಯನ್ನು ನಿಂಬೆರಸದಲ್ಲೇ ಜಜ್ಜಿ ಹತ್ತು ನಿಮಿಷ ಬಿಡಬೇಕು. ಹುಳಿಯೊಳಗೆ ಜಜ್ಜಿದರೆ ಬೆಳ್ಳುಳ್ಳಿಯ ಘಾಟು ಏಳುವುದಿಲ್ಲ. ಆಮೇಲೆ ಮಿಕ್ಸಿಗೆ ನಾಲ್ಕು ದೊಡ್ಡ ಚಮಚ ತಹಿನಿ, ಈ ನಿಂಬೆರಸ, ಉಪ್ಪು. ರಸ ಬಿದ್ದ ಕೂಡಲೇ ತಹಿನಿ ಗಟ್ಟಿಯಾಗಿ ಒಡೆದುಹೋದಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಚಮಚ ಚಮಚವಾಗಿ ತಣ್ಣೀರು ಬಿಡುತ್ತಾ ತಿರುಗಿಸಿದರೆ ಬೆಳ್ಳಗೆ ನೊರೆಯಾಗಿ ಬೆಣ್ಣೆಯ ಹಾಗೆ ಬರುತ್ತದೆ. ಅದಕ್ಕೆ ಕಡಲೆ, ಕೊನೆಗೆ ಬೀಟ್‌ರೂಟ್, ಅರ್ಧ ಚಮಚ ಹುರಿದ ಜೀರಿಗೆ ಪುಡಿ. ಕಡಲೆ ಎಷ್ಟು ಬೆಂದಿರಬೇಕು ಅಂದರೆ ಉಸಲಿಗೆ ಬೇಯಿಸುವ ಹದ ದಾಟಿ, ಎರಡು ಬೆರಳ ನಡುವೆ ಹಿಡಿದರೆ ಒತ್ತದೆಯೇ ಕರಗಬೇಕು. ಇದರಲ್ಲಿ ಜಿಪುಣತನ ಮಾಡಿದರೆ ಎಷ್ಟು ದುಬಾರಿ ಎಣ್ಣೆ ಸುರಿದರೂ ತರಿತರಿಯೇ.

ಲೆಕ್ಕ ಹಾಕಿ ಇಟ್ಟಿದ್ದೇನೆ, ಆ ದಿನದ ನಮ್ಮ ಬೀದಿಯ ಬೆಲೆಯಲ್ಲಿ: ಕಡಲೆ 28 ರೂಪಾಯಿ, ಎಳ್ಳು 15, ಬೀಟ್‌ರೂಟ್ 6, ನಿಂಬೆಹಣ್ಣು 10, ಎಳ್ಳೆಣ್ಣೆ 12, ಬೆಳ್ಳುಳ್ಳಿ ಜೀರಿಗೆ 4. ಒಟ್ಟು 75. ಗ್ಯಾಸಿನದು ಬೇರೆ. ತಕ್ಕಡಿಯಲ್ಲಿಟ್ಟರೆ ಏಳುನೂರು ಗ್ರಾಂ ದಾಟಿತು. ಅಂಗಡಿಯ ಡಬ್ಬಿಯ ದರದಲ್ಲಿ ಇಷ್ಟನ್ನೇ ಕೊಂಡಿದ್ದರೆ 770 ರೂಪಾಯಿ ಮೇಲಾಗುತ್ತಿತ್ತು. ಅದರ ಮೇಲೆ ಬೀಟ್‌ರೂಟಿನ ಸೊಪ್ಪು ಮರುದಿನ ಪಲ್ಯಕ್ಕಾಯಿತು, ಅದು ಪಾಲಕ್ಕಿನ ಬಳಗದ್ದೇ. ಕಡಲೆ ಬಸಿದ ಕಟ್ಟು ಬಸ್ಸಾರಿಗೆ. ಸೋಡಾದ ನೀರು ಮೊದಲೇ ಚೆಲ್ಲಿದ್ದರಿಂದ ಕಟ್ಟಿಗೆ ಯಾವ ಕೆಟ್ಟ ವಾಸನೆಯೂ ಇರಲಿಲ್ಲ.

ಇಷ್ಟೆಲ್ಲ ನಾನು ಗೋಡೆಯ ಮೇಲಿಂದ ಒಪ್ಪಿಸುವವರೆಗೆ ಅಕ್ಕ ಬಟ್ಟಲಿನಲ್ಲಿ ಬೆರಳದ್ದಿ ನೋಡುತ್ತಿದ್ದರು. ಒಳಗೆ ಹೋಗಿ ಜೋಳದ ರೊಟ್ಟಿಯ ಚೂರು ತಂದರು. ಚಪಾತಿಗಿಂತ ಅದಕ್ಕೇ ಹೆಚ್ಚು ಒಪ್ಪಿತು, ನಾನೂ ತಿಂದು ನೋಡಿದೆ. ರೊಟ್ಟಿಯ ಸಪ್ಪೆಗೆ ಇದರ ಹುಳಿ, ಜಿಡ್ಡು ಸರಿಯಾಗಿ ಕೂರುತ್ತದೆ.

"ಛಲೋ ಆಗೇತಿ ತಂಗಿ. ಹುಳಿ ಬರೋಬರಿ ಐತಿ. ನಮ್ಮ ಕಡೆ ಕಡ್ಲಿ ಗಿಡದ್ದ ಹುಳಿ ಇರತೈತಿ, ಗೊತ್ತೇನ್ ನಿನಗ?"

ಗೊತ್ತಿರಲಿಲ್ಲ. ಅವರು ಹೇಳಿದರು. ಹಿಂಗಾರಿನಲ್ಲಿ, ಎರೆಹೊಲದ ಕಡಲೆ ಹೂಬಿಡುವ ಚಳಿಗಾಲದಲ್ಲಿ, ಗಿಡದ ಎಲೆಯ ಮೇಲೆಲ್ಲ ಹುಳಿ ಒಸರುತ್ತದಂತೆ. ಹೊಲದಲ್ಲಿ ಓಡಾಡಿದರೆ ಕಾಲು ಉರಿಯುತ್ತದೆ. ಅವರ ಅಜ್ಜಿ ನಸುಕಿನಲ್ಲಿ ತೆಳ್ಳನೆಯ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ಇಬ್ಬನಿಯ ಜೊತೆ ಆ ಹುಳಿಯನ್ನೂ ಹೀರಿಸಿ, ಪಾತ್ರೆಗೆ ಹಿಂಡುತ್ತಿದ್ದರು. ಬಾಟಲಿಯಲ್ಲಿಟ್ಟು ಹೊಟ್ಟೆನೋವಿಗೆ ಒಂದೆರಡು ತೊಟ್ಟು ಕೊಡುವುದು, ಸಾರಿಗೆ ಹುಣಸೆಯ ಬದಲು ಬಿಡುವುದು. "ಎಳೀ ಕಡ್ಲಿ ಸೊಪ್ಪಿನ ಪಲ್ಲೆ ಮಾಡಿದ್ರ ಅದಕ್ಕ ಬ್ಯಾರೆ ಹುಳಿನ ಬ್ಯಾಡ" ಅಂದರು. ಇವರ ಊರಿನ ಹೆಸರಿನಲ್ಲೇ ಅಣ್ಣಿಗೇರಿ-1 ಅಂತ ಕಡಲೆಯ ತಳಿ ಇದೆ. ಕಡಲೆ ಕುರಿತು ಇವರ ಮುಂದೆ ನಾನು ಇಷ್ಟು ಹೊತ್ತು ಮಾತಾಡಿದ್ದೆ.

ಬಟ್ಟಲು ಖಾಲಿಯಾಗುತ್ತಾ ಬಂದಾಗ ಅವರು ಕೇಳಿದರು, "ಸಿಪ್ಪಿ ತಗದೀಯೇನು?"

"ಹೂಂ ಅಕ್ಕ, ಅದೇ ದೊಡ್ಡ ಕೆಲಸ. ಬೆಂದ ಕಡಲೇನ ನೀರಲ್ಲಿ ಉಜ್ಜಿ ಉಜ್ಜಿ ತೇಲಿಸಿ ತೆಗೀಬೇಕು. ಅರ್ಧ ಗಂಟೆ ಹಿಡೀತು."

"ಯಾಕ ಇಷ್ಟ್ ಒದ್ದಾಡ್ತಿ? ಕಡ್ಲಿಬ್ಯಾಳಿ ತಗೊ. ಸಿಪ್ಪಿ ತಗದ ಕಡ್ಲೀನ ಅಲ್ಲೇನ ಅದು? ನಾವು ಹೋಳಿಗಿ ಹೂರಣಕ್ಕ ಮತ್ತೇನ್ ಮಾಡ್ತೀವಿ? ಬ್ಯಾಳಿ ಕುದಿಸಿ, ಕಟ್ಟು ಬಸದು, ಬಿಸಿ ಇದ್ದಾಗನ ರುಬ್ಬೂದು. ಆರಿತಂದ್ರ ಹೂರಣ ಗಂಟ್ ಆಗತೈತಿ. ನಿಂದು ಒಂದೀಟು ತರಿ ಐತಿ ನೋಡು ಇಲ್ಲಿ, ಆರಿದ ಮ್ಯಾಲೆ ರುಬ್ಬೀ ನೀ."

ಹೌದು, ಆರಿದ ಮೇಲೆಯೇ ಅರೆದಿದ್ದೆ. ಸಿಪ್ಪೆ ತೆಗೆಯುವಷ್ಟರಲ್ಲಿ ಕಡಲೆ ತಣ್ಣಗಾಗಿತ್ತು. ವರ್ಷಕ್ಕೆ ನಾಲ್ಕು ಸಲ ಹೋಳಿಗೆ ಮಾಡುವ ನನ್ನ ಕೈಗೂ ಇದೆಲ್ಲ ಗೊತ್ತಿರುವುದೇ. ಹೆಸರು ಬೇರೆಯಾದ್ದರಿಂದ ಹೊಳೆದಿರಲಿಲ್ಲ.

ಸಂಜೆಯೇ ಮಾಡಿ ನೋಡಿದೆ. ಕಡಲೆಬೇಳೆ ಕಾಬೂಲಿಗಿಂತ ಅಗ್ಗ, ಎರಡು ಗಂಟೆ ನೆನೆದರೆ ಸಾಕು, ಸೋಡಾ ಬೇಡ, ಗ್ಯಾಸೂ ಕಡಿಮೆ. ಕಟ್ಟು ಬಸಿದು, ಹಬೆಯಾಡುತ್ತಿದ್ದಾಗಲೇ ಮಿಕ್ಸಿಯ ಮುಚ್ಚಳ ಒಂದಿಷ್ಟು ಸಡಿಲ ಬಿಟ್ಟು, ಮೇಲೆ ಬಟ್ಟೆ ಹಿಡಿದು ತಿರುಗಿಸಿದೆ. ಬಿಗಿಯಾಗಿ ಮುಚ್ಚಿದರೆ ಹಬೆ ಎತ್ತಿ ಮುಖಕ್ಕೆ ಹಾರಿಸುತ್ತದೆ, ಹುಷಾರು. ನುಣುಪು ಅಂದರೆ ನುಣುಪು, ಡಬ್ಬಿಯದಕ್ಕಿಂತ ನುಣುಪು. ಬಣ್ಣ ಮಾತ್ರ ಬೇಳೆಯ ಹಳದಿ ಸೇರಿ ಚೂರು ಇಟ್ಟಿಗೆಯತ್ತ ವಾಲಿತು, ಆದ್ದರಿಂದ ಬೀಟ್‌ರೂಟ್ ಒಂದು ಹೋಳು ಹೆಚ್ಚು ಬೇಕು. ರುಚಿಯಲ್ಲಿ ಕಾಬೂಲಿಯ ಆ ಬೆಣ್ಣೆತನ ಇಲ್ಲ, ಬೇಳೆಯ ಮಣ್ಣುತನ ಇದೆ. ನೆಂಟರು ಬರುವ ದಿನ ನಾನು ಕಾಬೂಲಿಯದೇ ಮಾಡುತ್ತೇನೆ. ವಾರದ ಡಬ್ಬಿಗೆ, ಮಗನ ಚಪಾತಿ ಸುರುಳಿಗೆ, ಬೇಳೆಯದು. ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ, ಮೇಲೆ ಎಣ್ಣೆಯ ಪದರ ಇದ್ದರೆ ಒಣಗುವುದಿಲ್ಲ. ಇದನ್ನು ತಿಂದ ಮರುದಿನ ಬಚ್ಚಲಲ್ಲಿ ಕೆಂಪು ಕಂಡರೆ ಮನೆಯ ಹಿರಿಯರು ಹೆದರದ ಹಾಗೆ ಮೊದಲೇ ಹೇಳಿಡಿ, ಕೆಲವರಿಗೆ ಬೀಟ್‌ರೂಟಿನ ಬಣ್ಣ ಮೂತ್ರದಲ್ಲಿ ಹೋಗುತ್ತದೆ. ಅದರಿಂದ ಏನೂ ತೊಂದರೆಯಿಲ್ಲ.

ನಿನ್ನೆ ಸಂಜೆ ಅಕ್ಕ ಗೋಡೆಯಾಚೆಯಿಂದ ಕೂಗಿದರು. ಊರಿನಿಂದ ಅವರ ತಮ್ಮ ಹೊಸ ಕಡಲೆ ಕಳಿಸಿದ್ದಾನೆ, ಕಂದು ಸಿಪ್ಪೆಯ ನಾಡ ಕಡಲೆ. ಅದನ್ನು ಸಿಪ್ಪೆ ಸಮೇತವೇ ಒರಳಿನಲ್ಲಿ ರುಬ್ಬಿ ನೋಡುತ್ತಾರಂತೆ, ಎಳ್ಳು ಉಳಿದಿದ್ದರೆ ಕೊಡು ಅಂದರು. ಇದ್ದ ಒಂದು ಹಿಡಿಯನ್ನು ಪೊಟ್ಟಣ ಕಟ್ಟಿ ಬಸಳೆ ಬಳ್ಳಿ ಸರಿಸಿ ಕೊಟ್ಟೆ. ರಾತ್ರಿ ಅವರ ಅಡುಗೆಮನೆಯ ಕಟ್ಟೆ ಮೇಲೆ ಕಡಲೆ ನೆನೆಯುತ್ತಿರುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ನಾಡ ಕಡಲೆಯ ಸಿಪ್ಪೆ ದಪ್ಪ, ನೆನೆಯುವ ನೀರಿಗೆ ಸೋಡಾ ಹಾಕಿದರೋ ಇಲ್ಲವೋ, ಬೆಳಿಗ್ಗೆ ಎದ್ದ ಕೂಡಲೇ ಕೇಳಬೇಕು ಅಂದುಕೊಂಡೆ.